ಮಹಿಳಾ ಅಧ್ಯಯನ ಎಂ.ಎ. ಸೇರಬೇಕೇ? ಅಪ್ಪನ ಪ್ರಶ್ನೆಗೆ ಉತ್ತರ ಬೇಕಾಗಿದೆ

ಕಡಲದಂಡೆ:

ಎಲ್ಲರಿಗೂ ನಮಸ್ಕಾರ. ಈ ವರ್ಷ ಬಿ.ಎ. ಮುಗಿಸಿದ್ದೇನೆ. ಓದಿದ್ದು ಸಮಾಜಶಾಸ್ತ್ರ, ಇತಿಹಾಸ. ಊರು ಕುಮಟಾ ತಾಲ್ಲೂಕಿನ ಕಡಲತಡಿ. ಈಗ ಎರಡು ದಾರಿಗಳಿವೆ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ, ಇಲ್ಲವೇ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ. ಮನಸ್ಸು ಎರಡನೆಯದರ ಕಡೆ ವಾಲಿದೆ.

ಅಪ್ಪ ದೋಣಿಗೆ ಹೋಗುವವರು. ಓದಬೇಡ ಎಂದು ಒಂದು ದಿನವೂ ಹೇಳಿದವರಲ್ಲ. ಆದರೆ ಈ ಬಾರಿ, "ಹೆಂಗಸರ ಬಗ್ಗೆ ಓದಲು ವಿಜಯಪುರದವರೆಗೆ ಹೋಗಬೇಕೇ? ಓದಿದ ಮೇಲೆ ಕೆಲಸ ಯಾರು ಕೊಡುತ್ತಾರೆ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅಮ್ಮ ಒಣಮೀನು ಮಾರುತ್ತಾಳೆ. ಅವಳು ಹಾಸ್ಟೆಲಿಗೆ ಎಷ್ಟಾಗುತ್ತದೆ ಎಂದು ಮಾತ್ರ ವಿಚಾರಿಸಿದಳು.

ಈ ವಿಷಯ ಕಲಿಸುವವರು, ಓದಿದವರು ಯಾರಾದರೂ ಇದ್ದರೆ ಒಳಗಿನ ಸ್ಥಿತಿ ಹೇಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ವಿಭಾಗಗಳ ಜಾಲತಾಣದಲ್ಲಿ ಸಿಗುವುದು ದೀಪ ಬೆಳಗಿಸುವ ಫೋಟೊ ಮಾತ್ರ.

ಘಟ್ಟದ ಮೇಲಿನವಳು:

ತಂಗೀ, ನಾನು ಶಿರಸಿ ಕಡೆಯವಳು. ಹೊರಜಿಲ್ಲೆಯ ಒಂದು ವಿಶ್ವವಿದ್ಯಾಲಯದಲ್ಲಿ ಇದೇ ವಿಷಯ ಕಲಿಸುತ್ತೇನೆ. ಅಪ್ಪ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಬಹುತೇಕ ಪದವಿ ಕಾಲೇಜುಗಳಲ್ಲಿ ಮಹಿಳಾ ಅಧ್ಯಯನ ಎಂಬ ವಿಷಯವೇ ಇಲ್ಲ. ವಿಷಯವಿಲ್ಲದ ಕಡೆ ಕಾರ್ಯಭಾರ, ಅಂದರೆ ಕಲಿಸುವ ಗಂಟೆಗಳು ಇಲ್ಲ, ಕಾರ್ಯಭಾರವಿಲ್ಲದ ಕಡೆ ಹುದ್ದೆ ಮಂಜೂರಾಗುವುದಿಲ್ಲ. ಸಮಾಜಶಾಸ್ತ್ರದವರಿಗೆ ಊರ ಹತ್ತಿರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸವಾದರೂ ಸಿಕ್ಕೀತು, ನಮ್ಮವರಿಗೆ ಅದೂ ಕಷ್ಟ.

ಇನ್ನು ಒಳಗಿನ ಸ್ಥಿತಿ. ನಮ್ಮ ವಿಭಾಗದಲ್ಲಿ ಕಾಯಂ ಇರುವವರು ಇಬ್ಬರು. ಉಳಿದವರೆಲ್ಲ ಅತಿಥಿಗಳು. ಅವರ ಗೌರವಧನ ಯಾವ ತಿಂಗಳು ಬರುತ್ತದೆ ಎಂಬುದು ಪಂಚಾಂಗ ನೋಡಿದರೂ ತಿಳಿಯುವುದಿಲ್ಲ. ಹಣಕಾಸಿನ ಕಥೆ ಹಳೆಯದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ಅಧ್ಯಯನ ಕೇಂದ್ರಗಳಿಗೆ ನೆರವು ಕೊಡತೊಡಗಿತು. ಆದರೆ ಅದು ಪಂಚವಾರ್ಷಿಕ ಯೋಜನೆಯ ಹಣ, ಕಾಯಂ ಅಲ್ಲ. 2017ರಲ್ಲಿ ಹನ್ನೆರಡನೆಯ ಪಂಚವಾರ್ಷಿಕ ಯೋಜನೆ ಮುಗಿದಾಗ, ಅನುದಾನ ನಿಂತೇ ಹೋಗುತ್ತದೆಯೋ ಎಂದು ದೇಶದಾದ್ಯಂತ ಕೇಂದ್ರಗಳು ಆತಂಕದಲ್ಲಿದ್ದವು.

ಫೆಬ್ರವರಿ ಕೊನೆಯಾಯಿತೆಂದರೆ ನಮಗೆ ಎಲ್ಲಿಲ್ಲದ ಬೇಡಿಕೆ. ಮಾರ್ಚ್ 8ಕ್ಕೆ ಪ್ರತಿ ಕಚೇರಿಗೂ ಒಬ್ಬ ಅತಿಥಿ ಬೇಕು. ಒಮ್ಮೆ ಒಂದು ಬ್ಯಾಂಕಿನವರು ರಂಗೋಲಿ ಸ್ಪರ್ಧೆಗೆ ತೀರ್ಪುಗಾರಳಾಗಿ ಕರೆದರು. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ನಾಲ್ಕು ಮಾತು ಆಡಬಹುದೇ ಎಂದೆ. "ಧಾರಾಳವಾಗಿ ಆಡಿ ಮೇಡಂ, ತಿಂಡಿ ಆರುವುದರೊಳಗೆ ಮುಗಿಸಿದರಾಯಿತು" ಎಂದರು. ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷವೂ ಹಾಗೆಯೇ. ಅವರ ಮಾನದಂಡಗಳಲ್ಲಿ ಲಿಂಗ ಸಮಾನತೆಗೆ ಸಂಸ್ಥೆ ಏನು ಮಾಡಿದೆ ಎಂಬ ಪ್ರಶ್ನೆ ಇರುವುದರಿಂದ, ನಮ್ಮನ್ನು ಮಾತನಾಡಿಸದವರೂ ಆಗ ಕಡತ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ.

ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ಕೆಲಸವೂ ಸಾಮಾನ್ಯವಾಗಿ ನಮ್ಮ ತಲೆಗೇ ಬರುತ್ತದೆ. 2013ರ ಕಾಯ್ದೆಯ ಪ್ರಕಾರ ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ಒಳಗಿನ ಮಾತು ಹೊರಗೆ ಹೋಗಬಾರದು. ಹಾಗಾಗಿ ಚಹಾ ಕುಡಿಯುವಾಗ ಎದುರಿಗಿರುವವರು "ಆ ಪ್ರಕರಣ ಏನಾಯಿತು?" ಎಂದರೆ ನಾನು ಮಳೆಯ ಸುದ್ದಿ ತೆಗೆಯುತ್ತೇನೆ. ಬೇಸಿಗೆಯಲ್ಲೂ.

ಪಠ್ಯದ ಬಗ್ಗೆಯೂ ನನಗೆ ತಕರಾರಿದೆ. ಮಹಿಳೆಯರ ಸ್ಥಿತಿಗತಿ ಕುರಿತ 1974ರ ರಾಷ್ಟ್ರೀಯ ಸಮಿತಿಯ ವರದಿಯನ್ನು ಓದಿಸುತ್ತೇವೆ, ಓದಿಸಲೇಬೇಕು. ಆದರೆ ನಮ್ಮ ಜಿಲ್ಲೆಯ ಹೆಂಗಸರು ಎಲ್ಲಿ? ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯ ಕಾಲದಲ್ಲಿ ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಉಪವಾಸ ಕುಳಿತ ಸಿದ್ದಾಪುರ ಸೀಮೆಯ ಹೆಂಗಸರ ಬಗ್ಗೆ ಕೇಳಿದರೆ ವಿದ್ಯಾರ್ಥಿಗಳು ನನ್ನ ಮುಖ ನೋಡುತ್ತಾರೆ. ಅಂಕೋಲೆಯ ಬಡಿಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹಾಡಿನ ಬಗ್ಗೆ ಪುಟಗಟ್ಟಲೆ ಬರೆದರು. ಅವರು ಸಾರಾಯಿಯ ವಿರುದ್ಧ ಊರನ್ನು ಎಬ್ಬಿಸಿದ್ದು ಎಷ್ಟೋ ಕಡೆ ಒಂದೇ ಸಾಲಿಗೆ ಇಳಿಯಿತು.

ಇಷ್ಟೆಲ್ಲ ಹೇಳಿಯೂ ಬಾ ಎನ್ನುತ್ತೇನೆ, ಲೆಕ್ಕ ಹಾಕುವುದನ್ನು ಕಲಿಯುವ ಮನಸ್ಸಿದ್ದರೆ. ನಮ್ಮ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಊಟವಾದ ಮೇಲೆ ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಸುಲಿಯಲು ಕೂರುತ್ತಾರೆ. ಕೂಲಿಗೆ ಬಂದವಳು ಸುಲಿದದ್ದನ್ನು ಅಳೆದು ಪಟ್ಟಿಯಲ್ಲಿ ಬರೆಯುತ್ತಾರೆ. ಅದೇ ರಾಶಿಯಿಂದ ಮನೆಯೊಡತಿ ಸುಲಿದದ್ದನ್ನು ಯಾರೂ ಬರೆಯುವುದಿಲ್ಲ. ಚೊಗರಿನ ಕಪ್ಪು ಮಾತ್ರ ಇಬ್ಬರ ಬೆರಳಿಗೂ ಒಂದೇ. ಮನೆಗೆ ಬಂದ ಗಣತಿದಾರರು ಆಕೆಯ ಉದ್ಯೋಗ ಕೇಳಿದರೆ ಜಗಲಿಯಿಂದ ಯಜಮಾನರೇ "ಮನೆಯಲ್ಲೇ ಇರುತ್ತಾಳೆ" ಎನ್ನುತ್ತಾರೆ. ಈ ಉತ್ತರವನ್ನು ಹಾಗೆಯೇ ಬರೆದುಕೊಂಡು ಹೋಗದ ಒಬ್ಬಳನ್ನು ತಯಾರು ಮಾಡುವುದಾದರೆ ನಮ್ಮ ವಿಭಾಗಕ್ಕೆ ಅರ್ಥವಿದೆ.

ಬೈತಖೋಲ:

ಮೇಡಂ ಚೆನ್ನಾಗಿ ಬರೆದಿದ್ದಾರೆ, ಆದರೆ ಅವರದು ಕಾಯಂ ಕೆಲಸ ಎಂಬುದನ್ನು ಮರೆಯಬೇಡಿ. ಸಮಾಜಶಾಸ್ತ್ರ ಓದಿದರೂ ಮಹಿಳೆಯರ ಬಗ್ಗೆ ಸಂಶೋಧನೆ ಮಾಡಬಹುದು, ಯಾರೂ ತಡೆಯುವುದಿಲ್ಲ. ಮನೆಯಲ್ಲಿ ತಿಂಗಳ ಸಂಬಳವಿಲ್ಲದವರು ಮೊದಲು ಬಾಗಿಲು ಹೆಚ್ಚು ಇರುವ ವಿಷಯ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಇದರ ನಡುವೆ ಒಂದು ಕುತೂಹಲ: ಈ ಎಂ.ಎ.ಗೆ ಗಂಡಸರು ಸೇರಬಹುದೇ?

ಕಾರವಾರದ ಮಳೆ:

ನಾನು ಮಹಿಳಾ ಅಧ್ಯಯನ ಓದಿದವಳು. ಈಗ ಸಂಕಷ್ಟದಲ್ಲಿರುವ ಹೆಂಗಸರಿಗೆ ನೆರವಾಗುವ ಒಂದು ಕೇಂದ್ರದಲ್ಲಿ ಆಪ್ತಸಮಾಲೋಚಕಿ. ಗುತ್ತಿಗೆ ಕೆಲಸ, ಸಂಬಳದ ಬಗ್ಗೆ ಹೇಳದಿರುವುದೇ ವಾಸಿ. ಇಂಥ ಹುದ್ದೆಗಳ ಜಾಹೀರಾತು ಬಂದಾಗ ಅರ್ಹತೆಯ ಸಾಲನ್ನು ಎರಡು ಸಲ ಓದಬೇಕು. ಎಷ್ಟೋ ಕಡೆ ಸಮಾಜಕಾರ್ಯ ಓದಿದವರನ್ನು ಮಾತ್ರ ಕೇಳಿರುತ್ತಾರೆ.

ಆದರೂ ಓದಿದ್ದು ವ್ಯರ್ಥವಾಗಲಿಲ್ಲ. ಮೊನ್ನೆ ಒಬ್ಬರು ಬಂದಿದ್ದರು. ತೋಳಿನ ಬಾವು ಕಾಣದಂತೆ ಸೆರಗು ಹೊದ್ದಿದ್ದರು. ಅವರು ಮೊದಲು ಕೇಳಿದ್ದು ಹೊಡೆತದ ಬಗ್ಗೆ ಅಲ್ಲ. ರೇಷನ್ ಕಾರ್ಡು ಗಂಡನ ಮನೆಯಲ್ಲೇ ಉಳಿದಿದೆ, ಅದನ್ನು ತರಿಸಿಕೊಡುತ್ತೀರಾ ಎಂದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೆಂಗಸಿಗೆ ಆ ಮನೆಯಲ್ಲಿ ವಾಸಿಸುವ ಹಕ್ಕಿದೆ, ಮನೆ ಆಕೆಯ ಹೆಸರಿನಲ್ಲಿ ಇಲ್ಲದಿದ್ದರೂ. ಇದನ್ನು ಹೇಳಿದಾಗ ಅವರು ನಂಬಲೇ ಇಲ್ಲ. ಕಾಯ್ದೆಯ ಪ್ರತಿ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ಓದಿ ತೋರಿಸಬೇಕಾಯಿತು.

ಕಡಲದಂಡೆ:

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಘಟ್ಟದ ಮೇಲಿನ ಮೇಡಂ ಬರೆದದ್ದನ್ನು ಓದಿ ಹೇಳಿದೆ. ರಂಗೋಲಿಯ ವಿಷಯಕ್ಕೆ ನಕ್ಕರು, ಹುದ್ದೆಯ ವಿಷಯಕ್ಕೆ ನಗಲಿಲ್ಲ. ಮೇಡಂ, ಇನ್ನೊಂದು ಪ್ರಶ್ನೆ. ಸೇರಿದರೆ ಕಿರುಪ್ರಬಂಧಕ್ಕೆ ಒಣಮೀನಿನ ಹೆಂಗಸರನ್ನೇ ತೆಗೆದುಕೊಳ್ಳಬೇಕೆಂದಿದ್ದೇನೆ. ತೀರಾ ಮನೆಯ ವಿಷಯವಾಯಿತೇ? ಅಮ್ಮ, "ನನ್ನನ್ನು ಕೇಳಿ ಬರೆಯಲು ಏನಿದೆ?" ಎನ್ನುತ್ತಾಳೆ.

ಘಟ್ಟದ ಮೇಲಿನವಳು:

ಮನೆಯ ವಿಷಯವಾದರೆ ಒಳ್ಳೆಯದೇ. ಆದರೆ ಅಮ್ಮನೊಬ್ಬಳ ಮೇಲೆ ಬರೆಯಬೇಡ. ಹೊನ್ನಾವರದ ಕಾಸರಕೋಡ ಟೊಂಕಕ್ಕೂ ಹೋಗು. ಅಲ್ಲಿ ಮರಳಿನ ಮೇಲೆ ಮೀನು ಒಣಗಿಸುವ ಹೆಂಗಸರು ಬಂದರು ಯೋಜನೆಯ ವಿರುದ್ಧ ಬೀದಿಗಿಳಿದವರು. ಒಣಗಿಸುವ ಜಾಗ ಯಾರದು, ಅದಕ್ಕೆ ಕಾಗದಪತ್ರ ಉಂಟೇ ಎಂಬುದೇ ಅರ್ಧ ಪ್ರಬಂಧವಾಗುತ್ತದೆ.

ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಕ್ರಮವನ್ನು ಮೊದಲು ಓದಿಕೋ. ಅವರು ಬೆಳಗಿನ ನಾಲ್ಕರಿಂದ ಮರುದಿನ ನಾಲ್ಕರವರೆಗೆ ಅರ್ಧ ಅರ್ಧ ಗಂಟೆಯಾಗಿ ದಿನವನ್ನು ಬಿಡಿಸುತ್ತಾರೆ. 2024ರ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರ ಪಾಲು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರದು 88. ಅದು ದೇಶದ ಲೆಕ್ಕ. ಅಂಗಳದಲ್ಲಿ ಶೆಟ್ಲಿ (ಸಿಗಡಿ) ಒಣಹಾಕಿ, ಕಾಗೆ ಓಡಿಸುತ್ತ, ಮೊಮ್ಮಗುವಿಗೆ ಗಂಜಿ ಉಣಿಸುವ ಅರ್ಧ ಗಂಟೆಯನ್ನು ಯಾವ ಕಾಲಮಿಗೆ ಹಾಕುತ್ತೀ ಎಂಬುದು ನಿನ್ನ ಲೆಕ್ಕ. ನಿನ್ನ ಮಾರ್ಗದರ್ಶಕರು ಅಲ್ಲಿ ತಡೆದರೆ ಜಗಳವಾಡು.

ಒಂದೇ ಸಲ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಹಸಿಮೀನು ಕಡಿಮೆಯಾಗುವ ಆ ದಿನಗಳಲ್ಲಿ ಒಣಮೀನಿನ ದರ ಯಾರು ಕಟ್ಟುತ್ತಾರೆ ನೋಡು. ಮೇ ತಿಂಗಳಲ್ಲೂ ಒಮ್ಮೆ ಹೋಗಿ ಹೋಲಿಸು. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಮಾರಲು ಬರುವವರಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ಹಣ ಉಳಿಯಿತೇ, ಬುಟ್ಟಿಗೆ ಲಗೇಜು ಎಷ್ಟು ಕೇಳುತ್ತಾರೆ, ವಾಸನೆ ಎಂದು ಹತ್ತಿಸಿಕೊಳ್ಳದ ಬಸ್ಸುಗಳಿವೆಯೇ, ಇದನ್ನೂ ವಿಚಾರಿಸು.

ಬೈತಖೋಲದವರು ಹೇಳಿದ್ದರಲ್ಲಿ ಹುರುಳಿದೆ. ಆದ್ದರಿಂದ ಅರ್ಜಿಯನ್ನು ಎರಡೂ ಕಡೆ ಹಾಕು. ಯಾವುದಕ್ಕೆ ಸೇರಿದರೂ ಮೊದಲ ಸೆಮಿಸ್ಟರಿನಿಂದಲೇ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್ ತಯಾರಿ ನಡೆಸು. ನಮ್ಮ ವಿಷಯಕ್ಕೂ ನೆಟ್ ಇದೆ. ಅವರ ಇನ್ನೊಂದು ಪ್ರಶ್ನೆಗೆ: ಮಹಿಳಾ ವಿಶ್ವವಿದ್ಯಾಲಯದಲ್ಲಿ ಗಂಡಸರಿಗೆ ಸೀಟಿಲ್ಲ, ನಮ್ಮಂಥ ಕಡೆ ಧಾರಾಳವಾಗಿ ಬರಬಹುದು. ಈಗಲೂ ಇಬ್ಬರು ಹುಡುಗರಿದ್ದಾರೆ. ಬ್ಯಾನರ್ ಕಟ್ಟಲು, ಕುರ್ಚಿ ಹೊರಲು ಅವರನ್ನೇ ಕರೆಯಬಾರದು ಎಂದು ವಿಭಾಗದ ಸಭೆಯಲ್ಲಿ ನಿರ್ಣಯ ಮಾಡಿದ್ದೇವೆ.