ಶಾಲೆ ತಪ್ಪಿಸುವ ಹುಡುಗನನ್ನು ಠಾಣೆಗೆ ಕರೆದೊಯ್ದು ಹೆದರಿಸಬಹುದೆ?

ಪ್ರಶ್ನೆ: ನಮಸ್ಕಾರ ಮೇಡಂ. ರಾಣೆಬೆನ್ನೂರಿನಲ್ಲಿರುವ ನನ್ನ ತಂಗಿಯ ಮಗನಿಗೆ ಹನ್ನೆರಡು ವರ್ಷ, ಏಳನೆಯ ತರಗತಿ. ದೀಪಾವಳಿಯಿಂದೀಚೆಗೆ ಶಾಲೆಗೆಂದು ಹೊರಟವನು ಬಸ್ ನಿಲ್ದಾಣದ ಹತ್ತಿರ ತನಗಿಂತ ದೊಡ್ಡ ಹುಡುಗರೊಂದಿಗೆ ಕಾಲ ಕಳೆಯುತ್ತಾನೆ. ಅಜ್ಜಿಯ ಟ್ರಂಕಿನಿಂದ ಐನೂರು ರೂಪಾಯಿ ತೆಗೆದಿದ್ದಾನೆ. ಅವನ ತಂದೆ ಗೋವಾದಲ್ಲಿ ಗಾರೆ ಕೆಲಸದಲ್ಲಿದ್ದು, ಊರಿಗೆ ಬಂದಾಗಲೆಲ್ಲ ಬೆಲ್ಟಿನಿಂದ ಹೊಡೆಯುತ್ತಾರೆ. ತಂಗಿ ಬೀಜದ ಕಂಪನಿಯೊಂದರಲ್ಲಿ ದಿನಗೂಲಿ. ಪೊಲೀಸ್ ಇಲಾಖೆಯಲ್ಲಿರುವ ನಮ್ಮ ಸಂಬಂಧಿಕರೊಬ್ಬರು, ಒಂದು ರಾತ್ರಿ ಠಾಣೆಯಲ್ಲಿ ಕೂರಿಸಿದರೆ ದಾರಿಗೆ ಬರುತ್ತಾನೆ ಎನ್ನುತ್ತಾರೆ. ಇದು ಸರಿಯೆ? ಇಂಥ ಮಕ್ಕಳಿಗೆಂದು ಸರ್ಕಾರದ ಸೇವೆ ಏನಾದರೂ ಇದೆಯೆ? ಅಲ್ಲಿಗೆ ಹೋದರೆ ಹುಡುಗನ ಹೆಸರು ಪೊಲೀಸ್ ದಾಖಲೆ ಸೇರುವುದೆ?

ಉತ್ತರ (ಮಕ್ಕಳ ಆಪ್ತಸಮಾಲೋಚಕಿ): ನಮಸ್ಕಾರ. ದಯವಿಟ್ಟು ಠಾಣೆಗೆ ಕರೆದೊಯ್ಯಬೇಡಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅಪರಾಧದ ಆರೋಪ ಹೊತ್ತ ಮಗುವನ್ನು ಕೂಡ ಲಾಕಪ್ಪಿನಲ್ಲಿ ಇಡುವಂತಿಲ್ಲ. ನಿಮ್ಮ ಸೋದರಳಿಯನ ಮೇಲಂತೂ ಆರೋಪವೇ ಇಲ್ಲ. ಕಾನೂನಿನ ಮಾತು ಹಾಗಿರಲಿ, ಹೆದರಿಸುವ ಉಪಾಯ ಫಲಿಸುವುದಿಲ್ಲವೆಂಬುದು ಪರೀಕ್ಷಿಸಿ ತಿಳಿದ ಸಂಗತಿ. ಅಮೆರಿಕದ ನ್ಯೂಜೆರ್ಸಿಯ ರಾಹ್‌ವೇ ಸೆರೆಮನೆಯಲ್ಲಿ 1970ರ ದಶಕದಲ್ಲಿ, ದಾರಿ ತಪ್ಪುತ್ತಿರುವ ಹುಡುಗರನ್ನು ಜೀವಾವಧಿ ಕೈದಿಗಳ ಮುಂದೆ ಕೂರಿಸಿ ಬೆದರಿಸುವ ಕಾರ್ಯಕ್ರಮವೊಂದು ನಡೆಯಿತು, ಬೇರೆ ಕಡೆಗಳಲ್ಲಿಯೂ ಅದನ್ನು ಅನುಸರಿಸಿದರು. ಇಂಥ ಕಾರ್ಯಕ್ರಮಗಳಿಗೆ ಹೋಗಿಬಂದವರನ್ನು ಹೋಗದವರೊಂದಿಗೆ ಹೋಲಿಸಿ ನೋಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಮುಂದೆ ಅಪರಾಧಗಳಲ್ಲಿ ಸಿಲುಕಿದವರ ಪ್ರಮಾಣ ಹೋಗಿಬಂದವರಲ್ಲಿಯೇ ಹೆಚ್ಚಾಗಿ ಕಂಡುಬಂತು. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಠಾಣೆಯಲ್ಲಿ ರಾತ್ರಿ ಕಳೆದು ಬಂದ ಹುಡುಗನಿಗೆ ಬಸ್ ನಿಲ್ದಾಣದ ಗೆಳೆಯರ ನಡುವೆ ಮರ್ಯಾದೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ನಾನು ಮೊದಲು ಕೇಳುವುದು ಐನೂರು ರೂಪಾಯಿಯ ವಿಷಯವನ್ನಲ್ಲ, ಓದಿನ ವಿಷಯವನ್ನು. ಅವನ ಕನ್ನಡ ನೋಟ್‌ಬುಕ್ ತೆರೆದು ನೋಡಿ. ಬೋರ್ಡಿನಿಂದ ಇಳಿಸಿಕೊಂಡ ಪಾಠ ಅಚ್ಚುಕಟ್ಟಾಗಿದ್ದು, ಉಕ್ತಲೇಖನದ ಪುಟದಲ್ಲಿ ಮಾತ್ರ ಒತ್ತಕ್ಷರ, ದೀರ್ಘ ಎಲ್ಲವೂ ಬಿಟ್ಟುಹೋಗಿವೆಯೆ? ಮೂರನೆಯ ತರಗತಿಯ ಪಠ್ಯ ಕೊಟ್ಟರೆ ಮೊದಲ ಸಾಲು ಓದಿ, ಎರಡನೆಯದನ್ನು ಊಹಿಸಿ ಹೇಳುತ್ತಾನೆಯೆ? ಹಾಗಿದ್ದರೆ ಕಲಿಕಾ ನ್ಯೂನತೆ, ಅಂದರೆ ಬುದ್ಧಿಗೆ ಕೊರತೆಯಿಲ್ಲದಿದ್ದರೂ ಓದು ಬರಹ ಹತ್ತದ ತೊಂದರೆ, ಇರಬಹುದು. ಇಂಥ ಮಗು ಪ್ರಾಥಮಿಕ ತರಗತಿಗಳನ್ನು ಹೇಗೋ ದಾಟಿ, ವಿಷಯಗಳು ಭಾರವಾಗುವ ಹೊತ್ತಿಗೆ ಶಾಲೆಯಿಂದ ಜಾರಿಕೊಳ್ಳುವುದನ್ನು ನಾವು ಪದೇ ಪದೇ ಕಾಣುತ್ತೇವೆ. ಓದಲು ಎಬ್ಬಿಸಿ ನಿಲ್ಲಿಸದ ಜಾಗ ಅವನಿಗೆ ಬಸ್ ನಿಲ್ದಾಣವೊಂದೇ. ದೃಷ್ಟಿದೋಷ, ಕಿವಿಯ ತೊಂದರೆ, ಚಂಚಲತೆಯ ಸಮಸ್ಯೆ ಅಥವಾ ತರಗತಿಯಲ್ಲಿ ಯಾರಾದರೂ ಪೀಡಿಸುತ್ತಿರುವುದೂ ಕಾರಣವಿರಬಹುದಾದ್ದರಿಂದ ಪರೀಕ್ಷೆ ಮಾಡಿಸದೆ ನಿರ್ಧರಿಸಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಯಾವ ದಿನ ನಡೆಯುತ್ತದೆಂದು ವಿಚಾರಿಸಿ ಅಲ್ಲಿಂದ ಆರಂಭಿಸಿ. ಹೆಚ್ಚಿನ ಪರೀಕ್ಷೆ ಬೇಕಾದರೆ ನಿಮಗೆ ಬೆಂಗಳೂರಿನ ನಿಮ್ಹಾನ್ಸ್‌ಗಿಂತ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಮೊದಲು ಫೋನಿನಲ್ಲಿ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಇದೆ.

ಬೆಲ್ಟ್ ನಿಲ್ಲಲೇಬೇಕು. ತಿಂಗಳುಗಟ್ಟಲೆ ಯಾರೂ ಕೇಳದೆ ಇದ್ದು, ಒಂದು ದಿನ ಎಲ್ಲದಕ್ಕೂ ಸೇರಿಸಿ ಹೊಡೆದರೆ ಮಗು ಕಲಿಯುವುದು ಸಿಕ್ಕಿಬೀಳಬಾರದು ಎಂಬುದನ್ನಷ್ಟೇ. ಅದರ ಬದಲು ಸಂಜೆ ಎಷ್ಟು ಹೊತ್ತಿಗೆ ಮನೆ ಸೇರಬೇಕು, ಎಲ್ಲಿಗೆ ಹೋದರೂ ಯಾರಿಗೆ ಹೇಳಿ ಹೋಗಬೇಕು ಎಂಬ ಎರಡೇ ನಿಯಮಗಳನ್ನು ಇಟ್ಟು, ಅವನ್ನು ದಿನವೂ ಪಾಲಿಸುವಂತೆ ನೋಡಿಕೊಳ್ಳಿ, ಪಾಲಿಸಿದ ದಿನ ಬಾಯಿ ಬಿಟ್ಟು ಮೆಚ್ಚಿಕೊಳ್ಳಿ. ಐನೂರು ರೂಪಾಯಿಯನ್ನು ಅವನು ಅಜ್ಜಿಗೆ ಮನೆಗೆಲಸದ ಮೂಲಕ ತೀರಿಸಲಿ. ತೀರಿದ ಮೇಲೆ ಆ ಮಾತನ್ನು ಯಾರೂ ಎತ್ತಬಾರದು. ತಂದೆಯವರಿಗೆ ಇದನ್ನು ತಿಳಿಸಿ ಹೇಳುವುದಕ್ಕೆ ಸೋದರಮಾವನಾದ ನಿಮಗಿಂತ ಸರಿಯಾದವರಿಲ್ಲ.

ಸರ್ಕಾರದ ಕಡೆಯಿಂದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಹಾವೇರಿಯಲ್ಲಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿಯೂ ಅವರನ್ನು ತಲುಪಬಹುದು. ಅಲ್ಲಿ ಆಪ್ತಸಮಾಲೋಚನೆಗೆ ವ್ಯವಸ್ಥೆಯಿದೆ. ಅಗತ್ಯವಿದ್ದರೆ ಅವರೇ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ವಿಷಯವಿಡುತ್ತಾರೆ. ಅದು ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳಿಗಾಗಿ ಇರುವ ಸಮಿತಿ; ಅಪರಾಧದ ಆರೋಪಗಳನ್ನು ನೋಡುವ ಬಾಲ ನ್ಯಾಯ ಮಂಡಳಿ ಬೇರೆ. ಸಹಾಯ ಕೇಳಿ ಹೋದ ಮಾತ್ರಕ್ಕೆ ಪೊಲೀಸ್ ದಾಖಲೆ ಹುಟ್ಟುವುದಿಲ್ಲ.

ಮರುಪ್ರಶ್ನೆ: ಧನ್ಯವಾದ ಮೇಡಂ. ಇಂದು ಸಮಾಧಾನದಿಂದ ಕೇಳಿದಾಗ, ಆ ಹುಡುಗರು ಪೊಟ್ಟಣವೊಂದನ್ನು ಕೊಟ್ಟು ಯಾರಿಗೋ ತಲುಪಿಸಲು ಹೇಳಿದ್ದರೆಂದು ಒಪ್ಪಿಕೊಂಡ. ನಾನೇ ಹೋಗಿ ಅವರನ್ನು ಕೇಳಲೆ?

ಉತ್ತರ: ಬೇಡ. ನೀವು ಜಗಳವಾಡಿ ಬಂದರೆ ಅದರ ಬಿಸಿ ತಟ್ಟುವುದು ಹುಡುಗನಿಗೆ. ಮಾದಕ ವಸ್ತು ಸಾಗಿಸಲು ಮಗುವನ್ನು ಬಳಸುವವರಿಗೆ ಬಾಲನ್ಯಾಯ ಕಾಯ್ದೆಯ 78ನೆಯ ಕಲಮಿನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಮಾದಕ ವಸ್ತುಗಳ ಜಾಲಕ್ಕೆ ಬೀಳುವ ಸಂಭವವಿರುವ ಮಗುವನ್ನು ಕಾಯ್ದೆಯೇ ರಕ್ಷಣೆ ಬೇಕಾದ ಮಗುವೆಂದು ಹೆಸರಿಸುತ್ತದೆ. ಆದ್ದರಿಂದ ನಾಳೆಯೇ ತಂಗಿಯನ್ನೂ ಹುಡುಗನನ್ನೂ ಕರೆದುಕೊಂಡು ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಪೊಲೀಸರ ಅಗತ್ಯ ಬಿದ್ದರೆ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯನ್ನು ಅವರ ಮೂಲಕವೇ ಕಾಣಿರಿ. ಪೊಟ್ಟಣದಲ್ಲಿ ಏನಿತ್ತೆಂದು ಮನೆಯವರೆಲ್ಲ ಸುತ್ತ ಕುಳಿತು ಅಡ್ಡಪ್ರಶ್ನೆ ಹಾಕಬೇಡಿ. ಅವನು ಬಾಯಿ ಬಿಟ್ಟಿದ್ದು ನೀವು ಸಮಾಧಾನದಿಂದ ಕೇಳಿದ್ದಕ್ಕೆ.

ಈ ಪ್ರಶ್ನೋತ್ತರ ನಡೆದ ಗುಂಪಿನ ಇನ್ನೊಬ್ಬ ಸದಸ್ಯೆ (ಶಿಕ್ಷಕಿ): ಇಂಥ ಒಬ್ಬನಿಂದ ತರಗತಿಯೇ ಕೆಡುತ್ತದೆಂದು ನಮ್ಮ ಶಾಲೆಯಲ್ಲಿ ಟಿ.ಸಿ. ಕೊಟ್ಟು ಕಳುಹಿಸುವ ಮಾತು ನಡೆದಿದೆ. ಹಾಗೆ ಮಾಡಬಹುದೆ?

ಉತ್ತರ: ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 16ನೆಯ ಕಲಮು 2019ರ ತಿದ್ದುಪಡಿಯ ನಂತರವೂ ಈ ರಕ್ಷಣೆಯನ್ನು ಉಳಿಸಿಕೊಂಡಿದೆ. ತಾಯಿಯ ಕೈಯಲ್ಲಿ ಅರ್ಜಿ ಬರೆಸಿಕೊಂಡು ಟಿ.ಸಿ. ಕೊಡುವುದೂ ಅದನ್ನೇ ಹಿಂಬಾಗಿಲಿನಿಂದ ಮಾಡಿದಂತೆ. ನಿಮ್ಮಿಂದ ಆಗಬಹುದಾದ ದೊಡ್ಡ ಸಹಾಯವೆಂದರೆ, ಹುಡುಗ ಬಾರದ ದಿನ ಹಾಜರಿ ಮುಗಿದ ಕೂಡಲೆ ಮನೆಗೆ ಫೋನ್ ಮಾಡುವುದು. ತಿಂಗಳ ಕೊನೆಯಲ್ಲಿ ಗೈರುಹಾಜರಿಯ ಪಟ್ಟಿ ಕೈಗೆ ಬಂದರೆ ತಾಯಿ ಏನೂ ಮಾಡಲಾರರು. ಹತ್ತೂವರೆಗೆ ತಿಳಿದರೆ ಯಾರನ್ನಾದರೂ ಬಸ್ ನಿಲ್ದಾಣಕ್ಕೆ ಕಳುಹಿಸಿಯಾರು.