ಅಮೆರಿಕದಲ್ಲಿ ಆಟದ ಜೊತೆ ಬಿಸಿನೆಸ್ ಡಿಗ್ರಿ: ಅಡ್ವೈಸರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಅಮೆರಿಕದ ಡಿವಿಷನ್ 1 (ಕಾಲೇಜು ಕ್ರೀಡೆಯ ಮೇಲಿನ ದರ್ಜೆ) ಕಾಲೇಜೊಂದರಲ್ಲಿ ಆಟಗಾರ ವಿದ್ಯಾರ್ಥಿಗಳ ಓದಿನ ಲೆಕ್ಕ ನೋಡಿಕೊಳ್ಳುವ ನಮ್ಮ ಅಡ್ವೈಸರ್ ಮೇಡಂ ಇವತ್ತು ಸಂಜೆ ಗುಂಪಿನಲ್ಲಿ ಇರುತ್ತಾರೆ. ಮಕ್ಕಳ ಹೆಸರು, ಕಾಲೇಜಿನ ಹೆಸರು ಹಾಕಬೇಡಿ.

ಟೆನ್ನಿಸ್ ಪಾಲಕ, ಜಯನಗರ: ನಮಸ್ಕಾರ ಮೇಡಂ. ಮಗಳು ಹತ್ತನೇ ಕ್ಲಾಸು. ಟೆನ್ನಿಸ್ ಆಡಿಕೊಂಡೇ ಬಿಸಿನೆಸ್ ಓದಬೇಕು ಅಂತಾಳೆ. ವಾರ್ಟನ್ ಬಿಸಿನೆಸ್ ಸ್ಕೂಲ್ ಮೇಲೆ ಕಣ್ಣಿದೆ. ಫುಲ್ ಸ್ಕಾಲರ್‌ಶಿಪ್ ಸಿಗುತ್ತಾ?

ಅಡ್ವೈಸರ್: ನಮಸ್ಕಾರ. ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎಯಲ್ಲಿ ಆಟದ ಸ್ಕಾಲರ್‌ಶಿಪ್ ಇರುವುದು ಡಿವಿಷನ್ 1 ಮತ್ತು 2ರಲ್ಲಿ, 3ರಲ್ಲಿ ಇಲ್ಲ. ವಾರ್ಟನ್ ಇರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಐವಿ ಲೀಗ್ ಎಂಬ ಎಂಟು ಖಾಸಗಿ ವಿಶ್ವವಿದ್ಯಾಲಯಗಳ ಗುಂಪಿನದು. ಐವಿಯವರು ಡಿವಿಷನ್ 1ರಲ್ಲೇ ಆಡಿದರೂ ಆಟಕ್ಕೆಂದು ದುಡ್ಡು ಕೊಡುವುದಿಲ್ಲ, ಮನೆಯ ಆದಾಯ ನೋಡಿ ಕೊಡುವ ನೆರವು ಮಾತ್ರ. ಬೇರೆ ಕಡೆ ಕೋಚ್ "ಫುಲ್" ಅಂದರೆ ಬೋಧನಾ ಶುಲ್ಕ, ಇತರ ಶುಲ್ಕ, ಊಟ-ವಸತಿ, ಪುಸ್ತಕ ಎಲ್ಲವೂ ಸೇರಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ.

ಪಿಯು ಉಪನ್ಯಾಸಕ, ಧಾರವಾಡ: ನಮ್ಮ ವಿದ್ಯಾರ್ಥಿಯೊಬ್ಬ ಅಥ್ಲೆಟಿಕ್ಸ್‌ನಲ್ಲಿ ಚೆನ್ನಾಗಿದ್ದಾನೆ. ಫಸ್ಟ್ ಪಿಯುಸಿ, ಹೆಬಾ (ಇತಿಹಾಸ, ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ಕಾಂಬಿನೇಷನ್. ಮುಂದೆ ಬಿಸಿನೆಸ್ಸೇ ಓದುವುದರಿಂದ ಕಾಮರ್ಸ್ ಸರಿ ಅಲ್ಲವೇ?

ಅಡ್ವೈಸರ್: ಸರ್, ಕಾಮರ್ಸ್ ತಪ್ಪಲ್ಲ, ಆದರೆ ಹೆಬಾದಲ್ಲಿ ಗಣಿತ ಇಲ್ಲ. ಡಿವಿಷನ್ 1ಕ್ಕೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ 16 ಕೋರ್ ವಿಷಯ (ಅರ್ಹತೆಗೆ ಎನ್‌ಸಿಎಎ ಲೆಕ್ಕ ಹಿಡಿಯುವ ವಿಷಯ, ಒಂದು ವರ್ಷ ಓದಿದರೆ ಒಂದು) ಬೇಕು. ಅದರಲ್ಲಿ ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಸಮಾಜ ವಿಜ್ಞಾನ 2 ಕಡ್ಡಾಯ, ಕೋರ್ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಕನಿಷ್ಠ 2.3. ಇವನ ಗಣಿತ ಒಂಬತ್ತು, ಹತ್ತು ಎರಡೇ ವರ್ಷಕ್ಕೆ ನಿಂತಿದೆ. ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್‌ನಲ್ಲಿ 95 ತೆಗೆದರೂ ಅವು ಕೋರ್ ಅಲ್ಲ. ಅರ್ಥಶಾಸ್ತ್ರ, ಇತಿಹಾಸ ಸಮಾಜ ವಿಜ್ಞಾನದ ಲೆಕ್ಕಕ್ಕೆ ಹೋಗುತ್ತವೆ. ಸಾಧ್ಯವಿದ್ದರೆ ಈಗಲೇ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್‌ಗೆ ಬದಲಾಯಿಸಿ. ಆಗದಿದ್ದರೆ ಸಮಯಕ್ಕೆ ಸರಿಯಾಗಿ ಹನ್ನೆರಡು ಮುಗಿಸಿ, ನಂತರದ ಒಂದು ವರ್ಷದೊಳಗೆ ಒಂದೇ ಒಂದು ಕೋರ್ ವಿಷಯ ಸೇರಿಸಿಕೊಳ್ಳಲು ಅವಕಾಶ ಇದೆ. ಅದನ್ನು ಗಣಿತಕ್ಕೇ ಇಡಿ. ಬಿಸಿನೆಸ್ ಸ್ಕೂಲ್‌ಗಳಲ್ಲಿ ಬಹುತೇಕ ಮೊದಲ ವರ್ಷವೇ ಕ್ಯಾಲ್ಕುಲಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಬರುತ್ತದೆ, ಅಲ್ಲಿಯೂ ಗಣಿತ ಬೇಕೇ ಬೇಕು.

ಬ್ಯಾಡ್ಮಿಂಟನ್ ತಾಯಿ, ತುಮಕೂರು: ಮೇಡಂ ಫುಲ್ ಸ್ಕಾಲರ್‌ಶಿಪ್ ಸಿಗುತ್ತಾ?

ಅಡ್ವೈಸರ್: ಮೇಲೆ ಉತ್ತರ ಇದೆ. ಬ್ಯಾಡ್ಮಿಂಟನ್ ಎನ್‌ಸಿಎಎ ಚಾಂಪಿಯನ್‌ಶಿಪ್ ಕ್ರೀಡೆ ಅಲ್ಲ.

ಟೆನ್ನಿಸ್ ಅಣ್ಣ, ಬೆಳಗಾವಿ: ತಮ್ಮ ಐಟಿಎಫ್ (ಅಂತರರಾಷ್ಟ್ರೀಯ ಟೆನ್ನಿಸ್ ಫೆಡರೇಷನ್) ಟೂರ್ನಿಗಳಲ್ಲಿ ಸ್ವಲ್ಪ ಬಹುಮಾನದ ದುಡ್ಡು ತಗೊಂಡಿದ್ದಾನೆ. ಕಾಲೇಜು ಸೇರುವಾಗ ತೊಂದರೆ ಆಗುತ್ತಾ?

ಈಜುಗಾರನ ತಂದೆ, ಮೈಸೂರು: ಮೇಡಂ, ಮಗ ಅಮೆರಿಕದಲ್ಲೇ ಕಾಲೇಜಿನ ಈಜು ತಂಡದಲ್ಲಿದ್ದಾನೆ. ಮೇ ತಿಂಗಳಿಗೆ ಎರಡನೇ ವರ್ಷ ಮುಗೀತು. ಸ್ಪೋರ್ಟ್ ಮ್ಯಾನೇಜ್‌ಮೆಂಟ್ ಬಿಟ್ಟು ಫೈನಾನ್ಸ್‌ಗೆ ಹೋಗ್ತೀನಿ ಅಂತಾನೆ. 61 ಕ್ರೆಡಿಟ್ ಆಗಿದೆ, ಜಿಪಿಎ 3.1. ಕೋಚ್ ಏನೂ ತೊಂದರೆ ಇಲ್ಲ ಅಂದಿದ್ದಾರೆ. ಆಗಸ್ಟ್‌ನಲ್ಲಿ ಬದಲಾಯಿಸಿದರೆ ಆಯ್ತಲ್ವಾ?

ಅಡ್ವೈಸರ್: ಆಗಸ್ಟ್‌ವರೆಗೆ ಕಾಯಬೇಡಿ ಸರ್. ಇವತ್ತಿನ ಪ್ರಶ್ನೆಗಳಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಇದೊಂದೇ.

ಅವನ ಜಿಪಿಎ ಚೆನ್ನಾಗಿದೆ, ತೊಂದರೆ ಇರುವುದು ಶೇಕಡಾವಾರಿನಲ್ಲಿ. ಡಿವಿಷನ್ 1ರಲ್ಲಿ ಮೂರನೇ ವರ್ಷ ಶುರುವಾಗುವ ಮುಂಚೆ ಡಿಗ್ರಿಯ ಶೇ 40 ಮುಗಿದಿರಬೇಕು, ನಾಲ್ಕನೇ ವರ್ಷಕ್ಕೆ ಮುಂಚೆ ಶೇ 60, ಐದಕ್ಕೆ ಮುಂಚೆ ಶೇ 80. 120 ಕ್ರೆಡಿಟ್ ಡಿಗ್ರಿಗೆ ಅದು 48, 72, 96. ಈ 48 ಅಂದರೆ ಪಾಸಾದ ಒಟ್ಟು ಕ್ರೆಡಿಟ್ ಅಲ್ಲ, ಘೋಷಿಸಿದ ಡಿಗ್ರಿಗೆ ಲೆಕ್ಕಕ್ಕೆ ಬರುವ ಕ್ರೆಡಿಟ್. ಮೂರನೇ ವರ್ಷಕ್ಕೆ ಕಾಲಿಡುವಾಗ ಡಿಗ್ರಿ ಘೋಷಿಸಿರಲೇಬೇಕು, ಫೈನಾನ್ಸ್ ಅಂತ ಬರೆದ ಕ್ಷಣ ಹಳೆಯ ಕೋರ್ಸುಗಳನ್ನು ಫೈನಾನ್ಸ್ ಕಣ್ಣಿನಿಂದ ಮತ್ತೆ ಎಣಿಸುತ್ತಾರೆ. ಎರಡೂ ಡಿಗ್ರಿಗೆ ಸಾಮಾನ್ಯವಾದ ಜನರಲ್ ಎಜುಕೇಷನ್, ಎಕನಾಮಿಕ್ಸ್ ಉಳಿಯುತ್ತವೆ. ಸ್ಪೋರ್ಟ್ ಮಾರ್ಕೆಟಿಂಗ್, ಈವೆಂಟ್ ನಿರ್ವಹಣೆ ಇಂಥವು ಫ್ರೀ ಎಲೆಕ್ಟಿವ್‌ಗೆ (ಇಷ್ಟಬಂದ ವಿಷಯಕ್ಕೆ ಇಟ್ಟ ಜಾಗ) ಹೋಗಬೇಕು, ಬಿಸಿನೆಸ್ ಡಿಗ್ರಿಯಲ್ಲಿ ಆ ಜಾಗ ಚಿಕ್ಕದು, ಎರಡು ಮೂರು ಕೋರ್ಸಿಗೆ ತುಂಬಿಹೋಗುತ್ತದೆ. ಮಿಕ್ಕಿದ್ದು ಅಂಕಪಟ್ಟಿಯಲ್ಲಿ ಇರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. 48ಕ್ಕೆ ಒಂದು ಕಡಿಮೆ ಆದರೂ ಸೆಪ್ಟೆಂಬರ್‌ನಲ್ಲಿ ಅವನು ಸ್ಪರ್ಧೆಗೆ ಇಳಿಯುವ ಹಾಗಿಲ್ಲ.

ಮೊದಲು ಡಿಗ್ರಿಗೆ ಯಾವ ಕೋರ್ಸ್ ಲೆಕ್ಕಕ್ಕೆ ಬರುತ್ತದೆ ಅಂತ ತೋರಿಸುವ ಡಿಗ್ರಿ ಆಡಿಟ್ ಪೋರ್ಟಲ್‌ನಲ್ಲಿ "ವಾಟ್-ಇಫ್" ಓಡಿಸಲಿ, ಮೇಜರ್ (ಮುಖ್ಯ ವಿಷಯ) ಜಾಗದಲ್ಲಿ ಫೈನಾನ್ಸ್ ಹಾಕಲಿ. ಬಂದ ಕಾಗದವನ್ನು ಕೋಚ್‌ಗಲ್ಲ, ಎನ್‌ಸಿಎಎ ನಿಯಮ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿಗೆ ಕಳಿಸಲಿ, ಲಿಖಿತ ಉತ್ತರ ತಗೊಳ್ಳಲಿ. ಬಿಸಿನೆಸ್ ಸ್ಕೂಲ್ ಒಳಗೆ ಸೇರಲು ಬೇರೆ ಅರ್ಜಿ ಇದೆಯಾ, ಫೈನಾನ್ಷಿಯಲ್ ಅಕೌಂಟಿಂಗ್, ಸ್ಟ್ಯಾಟಿಸ್ಟಿಕ್ಸ್ ಮೊದಲೇ ಮುಗಿದಿರಬೇಕಾ ಕೇಳಲಿ. ಬೇಸಿಗೆ ರಜೆಯಲ್ಲಿ ಕೋರ್ಸ್ ತಗೊಂಡು ಕೊರತೆ ತುಂಬಬಹುದು. ರಜೆಯಲ್ಲಿ ಆನ್‌ಲೈನ್ ಆದರೂ ಎಫ್-1 ವಿದ್ಯಾರ್ಥಿ ವೀಸಾಕ್ಕೆ ತೊಂದರೆ ಇಲ್ಲ. ಸೆಮಿಸ್ಟರ್ ನಡೆಯುವಾಗ ಮಾತ್ರ 12 ಕ್ರೆಡಿಟ್ ಪೂರ್ಣಾವಧಿ ಲೆಕ್ಕಕ್ಕೆ ಒಂದೇ ಆನ್‌ಲೈನ್ ಕೋರ್ಸ್, 3 ಕ್ರೆಡಿಟ್, ಹಿಡಿಯುತ್ತಾರೆ. ಬೇರೆ ಕಾಲೇಜಿನಲ್ಲಿ ತಗೊಂಡರೆ ಸೇರುವ ಮುಂಚೆಯೇ ಒಪ್ಪಿಗೆ ಬೇಕು. ಮೇಜರ್ ಬದಲಾದ ಮೇಲೆ ವೀಸಾಕ್ಕೆ ಆಧಾರವಾದ ಕಾಲೇಜಿನ ಪತ್ರ ಐ-20 ತಿದ್ದಿಸಲು ಮರೆಯಬೇಡಿ.

ಇನ್ನೊಂದು ದಾರಿಯೂ ಇದೆ. ಎಕನಾಮಿಕ್ಸ್ ಡಿಗ್ರಿಯಲ್ಲಿ ಸಾಮಾನ್ಯವಾಗಿ ಫ್ರೀ ಎಲೆಕ್ಟಿವ್ ಹೆಚ್ಚು, ಹಳೆಯ ಕೋರ್ಸುಗಳು ಅಲ್ಲಿ ಬದುಕುತ್ತವೆ. ಕಾಲೇಜು ಅದನ್ನು 45.0603 ಸಿಐಪಿ ಕೋಡ್‌ನಲ್ಲಿ (ಪ್ರತಿ ಡಿಗ್ರಿ ವಿಷಯಕ್ಕೂ ಸರ್ಕಾರ ಇಟ್ಟ ಸಂಖ್ಯೆ) ಕೊಡುತ್ತಿದ್ದರೆ ಡಿಗ್ರಿ ಆದ ಮೇಲೆ 12 ತಿಂಗಳ ಒಪಿಟಿ (ಅಲ್ಲೇ ಕೆಲಸ ಮಾಡುವ ಅನುಮತಿ) ಜೊತೆ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಸ್ತರಣೆ 24 ತಿಂಗಳು. ಸಾಮಾನ್ಯ ಫೈನಾನ್ಸ್ 52.0801, ಸ್ಪೋರ್ಟ್ ಮ್ಯಾನೇಜ್‌ಮೆಂಟ್ 31.0504, ಎರಡಕ್ಕೂ ಆ 24 ತಿಂಗಳು ಇಲ್ಲ. ಕೋಡ್ ಐ-20 ಮೇಲೆ ಅಚ್ಚಾಗಿರುತ್ತದೆ. ಕೆಲಸ ಕೊಡುವ ಕಂಪನಿಗೆ 12 ತಿಂಗಳಿಗೂ 36 ತಿಂಗಳಿಗೂ ಇರುವ ವ್ಯತ್ಯಾಸ ದೊಡ್ಡದು.

ಸದಸ್ಯ, ದಾವಣಗೆರೆ: ಫಾರ್ವರ್ಡ್ ಆಗಿ ಬಂದಿದ್ದು: "ಎಫ್-1 ಆಟಗಾರರು ಡೆಲವೇರ್‌ನಲ್ಲಿ ಎಲ್‌ಎಲ್‌ಸಿ ಕಂಪನಿ ತೆರೆದು ಎನ್‌ಐಎಲ್ (ಆಟಗಾರರ ಹೆಸರು, ಮುಖ ಬಳಸುವ) ಜಾಹೀರಾತಿನ ದುಡ್ಡು ಅದಕ್ಕೆ ಹಾಕಿಸಿಕೊಂಡರೆ ಪೂರ್ತಿ ಕಾನೂನುಬದ್ಧ." ನಿಜಾನಾ ಮೇಡಂ?

ಅಡ್ವೈಸರ್: ಇದನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. 2021ರ ಜುಲೈ 1ರಿಂದ ಜಾಹೀರಾತು ದುಡ್ಡಿಗೆ ಒಪ್ಪಿದ್ದು ಎನ್‌ಸಿಎಎ. ವೀಸಾ ನಿಯಮ ಅವರ ಕೈಯಲ್ಲಿಲ್ಲ. ಕಂಪನಿ ಯಾರ ಹೆಸರಲ್ಲಿದ್ದರೂ ಅಮೆರಿಕದ ನೆಲದಲ್ಲಿ ನಿಂತು ಶೂಟಿಂಗ್ ಮಾಡಿದ್ದು, ಪೋಸ್ಟ್ ಹಾಕಿದ್ದು ಅನುಮತಿ ಇಲ್ಲದ ಕೆಲಸ ಅಂತಾದರೆ ಹೋಗುವುದು ಮಗುವಿನ ವೀಸಾ. 2025ರ ಹೌಸ್ ಒಪ್ಪಂದದ (ಆಟಗಾರರು ಹೂಡಿದ ದಾವೆಯ ರಾಜಿ) ಮೇಲೆ ಕಾಲೇಜೇ ನೇರವಾಗಿ ಕೊಡುವ ದುಡ್ಡಿಗೂ ಇದೇ ಎಚ್ಚರ ಬೇಕು. ಸಹಿ ಹಾಕುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕೇಳಿ, ವಾಟ್ಸಾಪನ್ನಲ್ಲ.

ಸಿಎ ಪಾಲಕ, ಶಿವಮೊಗ್ಗ: ಇಷ್ಟೆಲ್ಲ ಸರ್ಕಸ್ ಯಾಕೆ? ಇಲ್ಲೇ ಬಿ.ಕಾಂ ಮಾಡಿ ಸಿಎ ಕಟ್ಟಿದರೆ ಬಿಸಿನೆಸ್ ಕೈಗೆ ಬರುತ್ತೆ. ಆರ್ಟಿಕಲ್‌ಶಿಪ್ ಈಗ 2 ವರ್ಷ ಅಷ್ಟೇ.

ಕೋಚ್, ಮಂಗಳೂರು: ಆ ಎರಡು ವರ್ಷ ದಿನಾ ಆಫೀಸಿಗೆ ಹೋಗುವವನು ಯಾವ ಹೊತ್ತಿಗೆ ಟ್ರ್ಯಾಕ್‌ಗೆ ಬರ್ತಾನೆ? ಬಿ.ಕಾಂನಲ್ಲೂ ಶೇ 75 ಹಾಜರಾತಿ, ನ್ಯಾಷನಲ್ ಕ್ಯಾಂಪ್‌ಗೆ ಹೋದರೆ ಪ್ರಾಂಶುಪಾಲರ ಮುಂದೆ ಕೈಕಟ್ಟಿ ನಿಲ್ಲಬೇಕು. ಅಮೆರಿಕದಲ್ಲಿ ವಾರಕ್ಕೆ 20 ಗಂಟೆ ಅಭ್ಯಾಸದ ಮಿತಿ ಇದೆ. ಮಹೇಶ್ ಭೂಪತಿ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಆಡಿ 1995ರಲ್ಲಿ ಎನ್‌ಸಿಎಎ ಡಬಲ್ಸ್ ಗೆದ್ದರು, ಮುಂದೆ ಗ್ಲೋಬೊಸ್ಪೋರ್ಟ್ ಎಂಬ ಕ್ರೀಡಾ ನಿರ್ವಹಣಾ ಕಂಪನಿ ಕಟ್ಟಿದರು.

ಸಿಎ ಪಾಲಕ, ಶಿವಮೊಗ್ಗ: 20 ಗಂಟೆ ಕಾಗದದ ಮೇಲೆ. ಪ್ರಯಾಣ, ಫಿಸಿಯೊ ಅದರಲ್ಲಿ ಸೇರಲ್ಲ. ಪಂದ್ಯದ ದಿನ ಇಡೀ ದಿನ ಮೈದಾನದಲ್ಲಿದ್ದರೂ ಬರೆಯೋದು 3 ಗಂಟೆ. ಒಬ್ಬ ಭೂಪತಿಯನ್ನ ತೋರಿಸಿ ನೂರು ಅಪ್ಪಂದಿರ ಕೈಲಿ ಸಾಲ ಮಾಡಿಸಬೇಡಿ.

ಕೋಚ್, ಮಂಗಳೂರು: ಸಾಲ ಮಾಡಿ ಅಂತ ನಾನೆಲ್ಲಿ ಅಂದೆ? ಓದಿ ಮಾತಾಡಿ.

ಅಡ್ವೈಸರ್: 3 ಗಂಟೆಯ ಮಾತು ನಿಜ. ಅದಕ್ಕೇ ಮಧ್ಯಾಹ್ನ ಮಾತ್ರ ನಡೆಯುವ ತರಗತಿ ಯಾವ ಮೇಜರ್‌ನಲ್ಲಿದೆ ಅಂತ ಸೇರುವ ಮುಂಚೆ ಕೇಳಬೇಕು. ಅಭ್ಯಾಸಕ್ಕೆ ಅಡ್ಡ ಬರುತ್ತದೆ ಅಂತ ಮಕ್ಕಳನ್ನು ಸುಲಭದ ಮೇಜರ್‌ಗೆ ತಳ್ಳುವುದು ಹೀಗೇ.

ಗಾಲ್ಫ್ ತಾಯಿ, ಬೆಂಗಳೂರು: ಊಟ-ವಸತಿ ಸ್ಕಾಲರ್‌ಶಿಪ್‌ಗೆ ಟ್ಯಾಕ್ಸ್ ಇದೆಯಾ?

ಅಡ್ವೈಸರ್: ಇದೆ. ಬೋಧನಾ ಶುಲ್ಕ, ಕಡ್ಡಾಯ ಪುಸ್ತಕಕ್ಕೆ ಇಲ್ಲ. ಊಟ-ವಸತಿ ಭಾಗಕ್ಕೆ ಎಫ್-1ನವರಿಂದ ಸಾಮಾನ್ಯವಾಗಿ ಶೇ 14 ಮುರಿದುಕೊಳ್ಳುತ್ತಾರೆ. 1040-ಎನ್‌ಆರ್ (ಅನಿವಾಸಿಗಳ ತೆರಿಗೆ ರಿಟರ್ನ್) ಸಲ್ಲಿಸುವಾಗ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಡಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕೇಳಬಹುದು.

ಸದಸ್ಯ, ಹಾಸನ: ಏಜೆನ್ಸಿಯವರು ಸಿಕ್ಕ ಸ್ಕಾಲರ್‌ಶಿಪ್‌ನಲ್ಲಿ ಶೇ 10 ಕೇಳ್ತಿದ್ದಾರೆ. ಫುಲ್ ಸ್ಕಾಲರ್‌ಶಿಪ್ ಗ್ಯಾರಂಟಿ ಅಂತೆ.

ಅಡ್ವೈಸರ್: ಬೇಡ. ಸ್ಕಾಲರ್‌ಶಿಪ್ ಮೊತ್ತದ ಮೇಲೆ ಕಮಿಷನ್ ಕೊಟ್ಟರೆ ಮಗುವಿನ ಅರ್ಹತೆಗೇ ಕುತ್ತು. ಸ್ಕಾಲರ್‌ಶಿಪ್ ಕೊಡುವುದು ಕಾಲೇಜು, ಏಜೆನ್ಸಿಗೆ ಗ್ಯಾರಂಟಿ ಕೊಡಲು ಬರುವುದಿಲ್ಲ.

ಟೆನ್ನಿಸ್ ಅಣ್ಣ, ಬೆಳಗಾವಿ: ನನ್ನ ಬಹುಮಾನದ ಪ್ರಶ್ನೆ ಯಾರೂ ನೋಡಲಿಲ್ಲ.

ಸಿಎ ಪಾಲಕ, ಶಿವಮೊಗ್ಗ: ಓದಿಯೇ ಮಾತಾಡಿದ್ದು ಕೋಚ್ ಸರ್. ನೀವು ಮಕ್ಕಳ ಅಂಕಪಟ್ಟಿ ಓದಿದ್ದೀರಾ?

ಅಡ್ಮಿನ್: ನೀವಿಬ್ಬರೂ ಇಲ್ಲಿಗೆ ನಿಲ್ಲಿಸಿ. ಇನ್ನೊಂದು ಸಲ ಆದರೆ ಮೆಸೇಜ್ ತೆಗೀತೀನಿ.

ಈಜುಗಾರನ ತಂದೆ, ಮೈಸೂರು: ಮೇಡಂ, ಮಗನ ಕೈಲಿ ವಾಟ್-ಇಫ್ ಓಡಿಸಿದೆ. ಫೈನಾನ್ಸ್‌ಗೆ 43 ಮಾತ್ರ ತೋರಿಸ್ತಿದೆ. ಎಕನಾಮಿಕ್ಸ್‌ಗೆ 54.

ಅಡ್ವೈಸರ್: ಎಕನಾಮಿಕ್ಸ್ ಆದರೆ ಇವತ್ತೇ ದಾಟಿದ್ದಾನೆ, ಸಿಐಪಿ ಕೋಡ್ ಒಂದು ನೋಡಿಕೊಳ್ಳಿ. ಫೈನಾನ್ಸೇ ಬೇಕು ಅಂದರೆ 5 ಕೊರತೆ, ಅಂದರೆ 3 ಕ್ರೆಡಿಟ್‌ನ ಎರಡು ಕೋರ್ಸ್: ಫೈನಾನ್ಷಿಯಲ್ ಅಕೌಂಟಿಂಗ್ ಮತ್ತು ಸ್ಟ್ಯಾಟಿಸ್ಟಿಕ್ಸ್. ಎರಡೂ ಪಾಸಾದರೆ 49. ಒಂದು ಕೈಕೊಟ್ಟರೆ 46, ಆಗ ನೀರಿಗಿಳಿಯುವ ಹಾಗಿಲ್ಲ. ಬೇಸಿಗೆಯ ಎರಡನೇ ಸೆಷನ್‌ಗೆ ನೋಂದಣಿ ಇನ್ನೂ ತೆರೆದಿದೆಯಾ ಅಂತ ಇವತ್ತು ರಾತ್ರಿಯೇ ನೋಡಲು ಹೇಳಿ.