ಮರು: ಮೊರೇನ್, ಡ್ರಮ್ಲಿನ್, ಎಸ್ಕರ್‌ಗೆ ಕನ್ನಡ ಪದ ಬೇಕು (ತುರ್ತು)

ಮೇಡಂ, ಕೊಪ್ಪಳದ ನಿಮ್ಮ ಶಾಲೆಯ ವಿಜ್ಞಾನ ಮೇಳದ ಫ್ಲೆಕ್ಸ್ ಶುಕ್ರವಾರ ಪ್ರಿಂಟ್‌ಗೆ ಹೋಗಬೇಕು ಅಂದಿದ್ದೀರಿ. ಹಿಮನದಿ ಬಿಟ್ಟುಹೋದ ದಿಬ್ಬ, ತಗ್ಗು, ಕಲ್ಲುಗಳಿಗೆ ಮೊದಲು ಪದ ಕೊಡುತ್ತೇನೆ, ನಿಮ್ಮ ಪ್ರಶ್ನೆಗೆ ಉಳಿದವರು ಬರೆದ ಉತ್ತರಗಳ ಜೊತೆ ಜಗಳ ಆಮೇಲೆ.

ಮೊರೇನ್‌ಗೆ "ಹಿಮನದಿ ಒಡ್ಡು" ಅಂತ ಹಾಕಿ. ಹಿಮನದಿ ಬೆಟ್ಟವನ್ನು ಕೆರೆದು ತಂದ ಕಲ್ಲು, ಮರಳು, ಜೇಡಿಯನ್ನೆಲ್ಲ ತನ್ನ ತುದಿಯಲ್ಲೂ ಎರಡು ಬದಿಯಲ್ಲೂ ಸುರಿಯುತ್ತದೆ. ಹಿಮ ಕರಗಿದ ಮೇಲೆ ಆ ರಾಶಿ ಉದ್ದಕ್ಕೆ ಹಾಗೇ ನಿಂತಿರುತ್ತದೆ. ತುದಿಯಲ್ಲಿರುವುದು ಕೊನೆ ಒಡ್ಡು, ಪಕ್ಕದ್ದು ಬದಿ ಒಡ್ಡು, ಎರಡು ಹಿಮನದಿ ಕೂಡಿದಾಗ ಮಧ್ಯದಲ್ಲಿ ಸಾಗುವುದು ನಡು ಒಡ್ಡು. ಐದನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. ತಳದಲ್ಲಿ ಹರಡಿಕೊಂಡದ್ದು ಮಾತ್ರ ಒಡ್ಡಲ್ಲ, ಅದಕ್ಕೆ "ತಳಹಾಸು" ಸಾಕು.

"ಒಡ್ಡು ಮನುಷ್ಯ ಕಟ್ಟಿದ್ದು, ಇದು ತಾನಾಗಿ ಆದದ್ದು" ಅಂತ ಒಬ್ಬರು ತಕರಾರು ತೆಗೆದಿದ್ದಾರೆ. ಒಪ್ಪುವ ಮಾತಲ್ಲ. ಹಳಗನ್ನಡದಲ್ಲಿ ಸಾಲುಗಟ್ಟಿ ನಿಂತ ಸೈನ್ಯವೂ ಒಡ್ಡೇ. ಅಡ್ಡಲಾಗಿ ಒಡ್ಡಿಕೊಂಡು ನಿಂತದ್ದೆಲ್ಲ ಒಡ್ಡು. ಅದೂ ಅಲ್ಲದೆ ಮೊರೇನ್ ಮಾಡುವ ಕೆಲಸ ನೋಡಿ. ಹಿಮ ಕರಗಿದ ನೀರನ್ನು ತಡೆದು ಕೆರೆ ಮಾಡುತ್ತದೆ. ಕೇದಾರನಾಥದ ಮೇಲಿನ ಚೋರಾಬಾರಿ ಕೆರೆಯನ್ನು ಹಿಡಿದಿಟ್ಟದ್ದು ಇಂಥದ್ದೇ ಒಡ್ಡು. 2013ರ ಜೂನ್ 17ರ ಬೆಳಿಗ್ಗೆ ಅದು ಒಡೆಯಿತು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ಸೌತ್ ಲೊನಾಕ್ ಕೆರೆಗೆ ಬದಿ ಒಡ್ಡು ಕುಸಿದು ಬಿತ್ತು. ನೀರು ಉಕ್ಕಿ ಹೊರಟು ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. "ಒಡ್ಡು ಒಡೀತು" ಅಂದರೆ ಏನಾಗುತ್ತದೆ ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದರ ಬದಲು "ಹಿಮನದೀಯ ಸಂಚಯ" ಅಂದರೆ ಆ ಅಪಾಯ ಎಲ್ಲಿ ಕೇಳಿಸುತ್ತದೆ?

ಈಗ ಮೊರಡಿ ವಾದ. ಮೊರಡಿ ಅಂದರೆ ಕಲ್ಲುದಿಬ್ಬ, ಮೊರೇನ್ ಅಂದರೂ ಕಲ್ಲಿನ ರಾಶಿ, ಆದ್ದರಿಂದ ಪದ ಇಲ್ಲಿಂದಲೇ ಅಲ್ಲಿಗೆ ಹೋಯಿತು ಅಂತ ರಾಯಚೂರಿನ ಹಿರಿಯರು ಬರೆದಿದ್ದಾರೆ. ಸರ್, ದಯವಿಟ್ಟು ಬಿಡಿ. ಸದ್ದು ಹತ್ತಿರ ಇದ್ದ ಮಾತ್ರಕ್ಕೆ ನೆಂಟಸ್ತನ ಆಗುವುದಿಲ್ಲ. ಮೊರೇನ್ ಅನ್ನುವುದು ಆಲ್ಪ್ಸ್ ಬೆಟ್ಟದ ಹಳ್ಳಿಯವರು ಮಣ್ಣುದಿಬ್ಬಕ್ಕೆ ಹೇಳುತ್ತಿದ್ದ ಮಾತು. ಜಿನೀವಾದ ಸೊಸ್ಸೂರ್ 1779ರಲ್ಲಿ ಅದನ್ನು ಪುಸ್ತಕಕ್ಕೆ ತಂದರು. ನನಗೆ ಮುಖ್ಯ ಅನಿಸುವುದು ಇದೇ. ಅಷ್ಟು ದೊಡ್ಡ ವಿಜ್ಞಾನಿ ಲ್ಯಾಟಿನ್‌ನಲ್ಲಿ ಹೊಸ ಪದ ಹೆಣೆಯಲಿಲ್ಲ, ಊರವರ ಬಾಯಲ್ಲಿದ್ದ ಮಾತನ್ನೇ ಎತ್ತಿಕೊಂಡರು. ನಾವೂ ಹಾಗೇ ಮಾಡೋಣ. ಹಿಂದಿಯ "ಹಿಮೋಢ"ವನ್ನು ತಂದು ಕನ್ನಡ ಅಂತ ಅಂಟಿಸುವುದು ಬೇಡವೇ ಬೇಡ. ಹಾಗಂತ "ಹಿಮ", "ನದಿ" ಎರಡೂ ಸಂಸ್ಕೃತ, ಕಿತ್ತುಹಾಕಿ ಅನ್ನುವವರ ಮಾತೂ ಬೇಡ. ಹಿಮನದಿ ಮಕ್ಕಳಿಗೆ ಗೊತ್ತಿರುವ ಪದ. "ಮಂಜುಹೊಳೆ" ಅಂದರೆ ಇಲ್ಲಿಯವರಿಗೆ ಚಳಿಗಾಲದ ಬೆಳಗಿನ ಮಂಜೇ ಕಣ್ಣ ಮುಂದೆ ಬರುತ್ತದೆ.

ಡ್ರಮ್ಲಿನ್‌ಗೆ "ಬೆನ್ನುದಿಬ್ಬ". ಸಾಗುವ ಹಿಮದ ಅಡಿಯಲ್ಲಿ ಮಣ್ಣು-ಕಲ್ಲು ಉದ್ದಕ್ಕೆ ರೂಪ ತಳೆದ ದಿಬ್ಬ ಅದು. ಐರಿಷ್ ಮೂಲದಲ್ಲೂ ಬೆನ್ನು ಅನ್ನುವ ಅರ್ಥವೇ ಇದೆ. ಚಿತ್ರದಲ್ಲಿ ಒಂದು ವಿಷಯ ಸರಿ ಮಾಡಿಸಿ: ಮೊಂಡಾದ, ಕಡಿದಾದ ಬದಿ ಹಿಮ ಬಂದ ದಿಕ್ಕಿಗೆ ಇರಬೇಕು, ಸಣ್ಣಗಾಗುವ ಬಾಲ ಅದು ಹೋದ ದಿಕ್ಕಿಗೆ. ನೀವು ಕಳಿಸಿದ್ದರಲ್ಲಿ ಉಲ್ಟಾ ಇದೆ. ಕೆಟಲ್‌ಗೆ "ಹಿಮಗಡ್ಡೆ ತಗ್ಗು". ಹೂತುಹೋದ ಗಡ್ಡೆ ಕರಗಿ ಬಿದ್ದ ತಗ್ಗು ಅದು, ಟೀ ಕೆಟಲಿಯನ್ನು ನಡುವೆ ತರಬೇಡಿ.

ಎಸ್ಕರ್ ಎಸ್ಕರ್ ಆಗಿಯೇ ಇರಲಿ. ಹಿಮದ ಅಡಿಯ ಸುರಂಗದಲ್ಲಿ ಹರಿದ ನೀರು ಬಿಟ್ಟುಹೋದ ಮರಳು-ಗರಸಿನ ಅಂಕುಡೊಂಕು ದಿಬ್ಬಕ್ಕೆ ನಮ್ಮಲ್ಲಿ ಹೋಲುವ ವಸ್ತು ನನಗೆ ಕಂಡಿಲ್ಲ. "ಹಾವುದಿಬ್ಬ" ಅಂದರೆ ಮಕ್ಕಳು ಹುತ್ತ ಅಂದುಕೊಳ್ಳುತ್ತಾರೆ. ವಸ್ತು ಇಲ್ಲದ ಕಡೆ ಸಾಲ ತರುವುದರಲ್ಲಿ ನಾಚಿಕೆ ಏನೂ ಇಲ್ಲ.

ಕೊನೆಯದು ಎರಾಟಿಕ್, ಅಂದರೆ ಹಿಮನದಿ ಬೇರೆ ಕಡೆಯಿಂದ ಹೊತ್ತು ತಂದು ಬಿಟ್ಟ ಬಂಡೆ. ಇದರ ಬಗ್ಗೆ ನನಗೆ ಹಠವಿದೆ, ಯಾಕೆಂದರೆ ತಪ್ಪು ಪದ ಹಾಕಿದರೆ ನಮ್ಮ ಜಿಲ್ಲೆಯ ಮಕ್ಕಳೇ ದಾರಿ ತಪ್ಪುತ್ತಾರೆ. ಆನೆಗುಂದಿಯಲ್ಲಿ ಒಂದರ ಮೇಲೊಂದು ಕೂತ ಗುಂಡುಗಳನ್ನು ನೋಡಿ ಬೆಳೆದ ಮಕ್ಕಳು ಅವು. ಫ್ಲೆಕ್ಸ್ ಮೇಲೆ ಸುಮ್ನೆ "ಒಂಟಿ ಬಂಡೆ" ಅಂತ ಬರೆದರೆ, ಓ ನಮ್ಮೂರಲ್ಲೂ ಹಿಮನದಿ ಇತ್ತು ಅಂದುಕೊಳ್ಳುತ್ತವೆ. ಆನೆಗುಂದಿಯ ಗುಂಡನ್ನು ಹತ್ತಿರ ಹೋಗಿ ನೋಡಿ. ಮೇಲಿನ ಕಲ್ಲಿನಲ್ಲಿ ಯಾವ ಬಣ್ಣದ, ಎಷ್ಟು ದಪ್ಪದ ಹರಳು ಇದೆಯೋ ಕೆಳಗಿನದರಲ್ಲೂ ಅದೇ. ಬಿರುಕಿನ ಗುಂಟ ಸವೆದು, ಮೂಲೆಗಳು ಉದುರಿ, ನಿಂತಲ್ಲೇ ಗುಂಡಗಾದ ಗ್ರಾನೈಟ್ ಅದು. ಎಲ್ಲಿಂದಲೂ ಬಂದದ್ದಲ್ಲ. ಕೆನಡಾದ ಒಕೊಟೋಕ್ಸ್ ಹತ್ತಿರ ಹುಲ್ಲುಗಾವಲಿನಲ್ಲಿ ಬಿದ್ದಿರುವ ಕಲ್ಲು ಸುಮಾರು 16,500 ಟನ್ ಇದೆ. ಅದು ರಾಕಿ ಪರ್ವತದ ಕ್ವಾರ್ಟ್ಜೈಟ್ ಅನ್ನುವ ಗಟ್ಟಿ ಕಲ್ಲು. ಹಿಮ ಹೊತ್ತು ತಂದು ಬಯಲಲ್ಲಿ ಇಳಿಸಿದ್ದು. ಆದ್ದರಿಂದ "ಪರಸ್ಥಳದ ಬಂಡೆ" ಅನ್ನಿ. "ಅಲೆಮಾರಿ ಬಂಡೆ" ಕಿವಿಗೆ ಚೆನ್ನ, ಆದರೆ ಆ ಕಲ್ಲು ಈಗ ಅಲೆಯುತ್ತಿಲ್ಲ. "ಗುಳೆ ಬಂಡೆ" ಅಂತೂ ಸಲ್ಲದು, ಗುಳೆ ಹೋದವರು ಮಳೆ ಬಿದ್ದರೆ ಊರಿಗೆ ವಾಪಸ್ ಬರುತ್ತಾರೆ.

ತಲೆಬರಹವನ್ನೂ ಬದಲಿಸಿ. "ಹಿಂದಕ್ಕೆ ಹರಿಯುವ ಹಿಮನದಿ" ಅಂದರೆ ತಪ್ಪು. ಹಿಮ ಯಾವಾಗಲೂ ಇಳಿಜಾರಿನಲ್ಲಿ ಮುಂದಕ್ಕೇ ಸಾಗುತ್ತದೆ. ಬಂದು ಸೇರುವುದಕ್ಕಿಂತ ಕರಗುವುದು ಜಾಸ್ತಿಯಾದಾಗ ತುದಿ ಮಾತ್ರ ಮೇಲಕ್ಕೆ ಸರಿಯುತ್ತದೆ. ಗಂಗೋತ್ರಿಯಲ್ಲಿ ಆ ತುದಿಗೆ ಗೋಮುಖ ಅನ್ನುತ್ತಾರೆ. ಹಾಗಾಗಿ "ಹಿಮನದಿಯ ಮುಖ ಹಿಂದೆ ಸರಿದಾಗ" ಅಂತ ಮಾಡಿ.

"ಬಿಸಿಲ ನಾಡಿಗೆ ಇವೆಲ್ಲ ಯಾಕೆ" ಅಂದವರಿಗೆ ಒಂದೇ ಮಾತು. ಒಡಿಶಾದ ತಾಲ್ಚೇರ್ ಕೂಡ ಬಿಸಿಲ ಊರೇ. ಸುಮಾರು 30 ಕೋಟಿ ವರ್ಷದ ಹಿಂದಿನ ಹಿಮ ಬಿಟ್ಟುಹೋದ ಕಲ್ಲುಗಳು ಅಲ್ಲಿವೆ, 1856ರಲ್ಲೇ ಬ್ಲಾನ್‌ಫರ್ಡ್ ಅನ್ನುವ ಭೂವಿಜ್ಞಾನಿ ಸಹೋದರರು ಗುರುತಿಸಿದ್ದರು.

ಎಸ್ಕರ್‌ಗೆ ರೈತರ ಬಾಯಲ್ಲಿರುವ ಪದ ಯಾರಿಗಾದರೂ ಗೊತ್ತಿದ್ದರೆ ಗುರುವಾರದೊಳಗೆ ಮೇಡಂಗೆ ಬರೆಯಿರಿ. ನಿಘಂಟು ಇಟ್ಟುಕೊಂಡು ಕಟ್ಟಿದ್ದು ಬೇಡ.